ಫೈರ್ ಇಂಜಿನ್ ಬರುವ ಮೊದಲಿನ ಹತ್ತು ನಿಮಿಷ ಯಾರದ್ದು?

ಬೀದಿ ಕೊನೆ ಮನೆ
ಎಲ್ಲರಿಗೂ ನಮಸ್ಕಾರ. ಮೊನ್ನೆ ರಾತ್ರಿ ನಮ್ಮ ಬೀದಿಯ ಒಂದು ಮನೆಗೆ ಬೆಂಕಿ ಬಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಮುಂದಿನ ಕೋಣೆ ಮಾತ್ರ ಪೂರ್ತಿ ಸುಟ್ಟಿತು. ಫೋನ್ ಮಾಡಿ ಹದಿನೆಂಟು ನಿಮಿಷಕ್ಕೆ ಫೈರ್ ಇಂಜಿನ್ ಬಂತು. ಅವರು ಗಾಡಿಯಿಂದ ಇಳಿಯುವ ಮೊದಲೇ ಜನ ಮೇಲೆ ಬಿದ್ದರು. "ಎಲ್ಲ ಸುಟ್ಟ ಮೇಲೆ ಬಂದಿರಾ?" ಎಂದು ಒಬ್ಬರು ಬಾಗಿಲನ್ನೇ ತಡೆದು ನಿಂತರು.

ಬೆಂಕಿ ಆರಿದ ಮೇಲೆ ಒಬ್ಬ ಹುಡುಗ ಗಾಡಿಯ ಮೆಟ್ಟಿಲ ಮೇಲೆ ಕೂತು ಕೈಗವಸು ಬಿಚ್ಚುತ್ತಿದ್ದ. ವಯಸ್ಸು ಇಪ್ಪತ್ತೈದು ಇರಬಹುದು. ಬೆರಳೆಲ್ಲ ನೆನೆದು ಬಿಳಿಚಿಕೊಂಡಿದ್ದವು. ಹೆಲ್ಮೆಟ್ ಪಟ್ಟಿ ಇದ್ದ ಗೆರೆ ಬಿಟ್ಟರೆ ಮುಖವೆಲ್ಲ ಮಸಿ. ನಾನು ಒಂದು ಚೊಂಬು ನೀರು ಕೊಟ್ಟೆ. ಕುಡಿಯುವ ಮೊದಲು ಅವನು ಕೇಳಿದ್ದು ಒಂದೇ: "ಅಕ್ಕ, ಒಳಗೆ ಇನ್ನು ಯಾರೂ ಇಲ್ಲ ಅಲ್ವಾ?"

ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬಂದಿಲ್ಲ. ಆ ಹದಿನೆಂಟು ನಿಮಿಷ ನಾವು ನಲವತ್ತು ಜನ ಬೀದಿಯಲ್ಲಿ ನಿಂತಿದ್ದೆವು. ಒಬ್ಬರು ಕಲ್ಲು ಎತ್ತಿ ಕಿಟಕಿ ಗಾಜು ಒಡೆದರು. ಒಬ್ಬರು ಮೇನ್ ಸ್ವಿಚ್ ಆಫ್ ಮಾಡದೆ ನೀರು ಎರಚಿದರು. ಫೋನ್ ಮಾಡಿದವರು ಬೀದಿಯ ಹೆಸರು ಹೇಳುವುದನ್ನೇ ಮರೆತರು. ಸಣ್ಣ ಊರು, ಸಣ್ಣ ಸ್ಟೇಷನ್, ಅವರಿಗೂ ಕಷ್ಟ ಇದೆ. ಆದರೆ ಗಾಡಿ ಬರುವವರೆಗೆ ನಾವು ಏನು ಮಾಡಬೇಕಿತ್ತು? ಗೊತ್ತಿರುವವರು ದಯವಿಟ್ಟು ಹೇಳಿ.

ನೇರ ಮಾತು
ಅಕ್ಕ, ಜನರ ತಪ್ಪು ಏನೂ ಇಲ್ಲ. ಹದಿನೆಂಟು ನಿಮಿಷ ಅಂದರೆ ತಡವೇ. ಬೆಂಕಿ ಆರಿಸುವುದು ಅವರ ಕೆಲಸ. ಅದಕ್ಕೇ ಸಂಬಳ. ನಾವು ಯಾಕೆ ಅವರ ಪರ ಸಮಜಾಯಿಷಿ ಕೊಡಬೇಕು?

ಮಳೆಗಾಲ
ಬಾಗಿಲು ತಡೆದು ನಿಂತವರಿಂದ ಇನ್ನೂ ಎರಡು ನಿಮಿಷ ತಡ ಆಯಿತಲ್ಲ, ಅದನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಹಳೇ ಬ್ರ್ಯಾಂಚ್‌ಮನ್
ನಾನು ಈ ಕೆಲಸದಲ್ಲೇ ಇದ್ದು ನಿವೃತ್ತನಾದವನು. ಬ್ರ್ಯಾಂಚ್ ಅಂದರೆ ಪೈಪಿನ ತುದಿಯಲ್ಲಿ ಹಿಡಿಯುವ ನಾಝಲ್. ಅದನ್ನು ಹಿಡಿದೇ ವರ್ಷಗಳು ಕಳೆದವು. ನೇರ ಮಾತು ಅವರೇ, ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಮನೆ ಉರಿಯುವಾಗ ಒಂದು ನಿಮಿಷ ಒಂದು ಗಂಟೆ ಇದ್ದ ಹಾಗೆ. ಆದರೆ ಆ ಹದಿನೆಂಟು ನಿಮಿಷ ಎಲ್ಲಿ ಹೋಯಿತು ಅಂತ ಬಿಡಿಸಿ ನೋಡೋಣ.

ಮೊದಲು ಬೆಂಕಿ ಕಣ್ಣಿಗೆ ಬೀಳಬೇಕು. ಆಮೇಲೆ ಯಾರೋ ಒಬ್ಬರಿಗೆ ಫೋನ್ ಮಾಡಬೇಕು ಅನ್ನಿಸಬೇಕು. ಹತ್ತು ಜನ ನಿಂತಿದ್ದರೆ ಪ್ರತಿಯೊಬ್ಬರೂ ಬೇರೆಯವರು ಮಾಡಿರುತ್ತಾರೆ ಅಂದುಕೊಳ್ಳುತ್ತಾರೆ. ಫೋನ್ ಬಂತು. "ಬೇಗ ಬನ್ನಿ, ಬೆಂಕಿ" ಅಂತ ಕೂಗಿ ಕಟ್. ಎಲ್ಲಿಗೆ ಬರಬೇಕು? ನಾವೇ ತಿರುಗಿ ಫೋನ್ ಮಾಡಬೇಕು, ಆ ಕಡೆ ಎತ್ತುವುದಿಲ್ಲ. ಗಾಡಿ ಹೊರಟಿತು. ಟ್ಯಾಂಕಿನಲ್ಲಿ 4,500 ಲೀಟರ್ ನೀರು ಅಂದರೆ ನಾಲ್ಕೂವರೆ ಟನ್ ಭಾರ. ಕಾರಿನ ಹಾಗೆ ತಿರುವಿನಲ್ಲಿ ಓಡಿಸಿದರೆ ಗಾಡಿಯೇ ಮಗುಚುತ್ತದೆ. ಬೀದಿ ಬಾಯಿಗೆ ಬಂದರೆ ಎರಡೂ ಕಡೆ ಬೈಕು, ಕಾರು. ಗಾಡಿ ಒಳಗೆ ಹೋಗುವುದಿಲ್ಲ. ಪೈಪ್ ಬಿಚ್ಚಿಕೊಂಡು ಓಡಬೇಕು.

ಆ ಪೈಪಿನ ತೂಕ ಗೊತ್ತಾ? 63 ಮಿಲಿಮೀಟರ್ ಅಗಲ, 30 ಮೀಟರ್ ಉದ್ದದ ಒಂದು ಹೋಸ್‌ನಲ್ಲಿ ನೀರು ತುಂಬಿದರೆ ನೀರಿನ ಭಾರವೇ 90 ಕಿಲೋ ದಾಟುತ್ತದೆ. ಅಂಥ ಮೂರು ಪೈಪ್ ಜೋಡಿಸಿ ತಿರುವಿನಲ್ಲಿ ಎಳೆದು ನೋಡಿ. ಒಬ್ಬರ ಕೈಲಿ ಆಗುವ ಕೆಲಸ ಅಲ್ಲ.

ನೇರ ಮಾತು
ಸಾರ್, ತೂಕ ಒಪ್ಪಿದೆ. ಹಾಗಾದರೆ ಸಣ್ಣ ಊರುಗಳಿಗೆ ಇನ್ನೊಂದು ಗಾಡಿ, ಇನ್ನಷ್ಟು ಜನ ಕೊಡಿ ಅಂತ ಕೇಳಬೇಕು ತಾನೆ? ಜನರಿಗೇ ಪಾಠ ಹೇಳಿದರೆ ಹೇಗೆ?

ಹಳೇ ಬ್ರ್ಯಾಂಚ್‌ಮನ್
ಖಂಡಿತ ಕೇಳಬೇಕು. ನಾನೂ ನಿಮ್ಮ ಜೊತೆ ನಿಂತು ಕೇಳುತ್ತೇನೆ. ಆದರೆ ಸ್ಟೇಷನ್ ನಿಮ್ಮ ಪಕ್ಕದ ಬೀದಿಯಲ್ಲೇ ಇದ್ದರೂ ಮೊದಲ ಮೂರು ನಾಲ್ಕು ನಿಮಿಷ ನಿಮ್ಮದೇ.

ಅಂಕಿ ಸಂಖ್ಯೆ
ಆ ಮೂರು ನಾಲ್ಕು ನಿಮಿಷದ ಬೆಲೆ ಏನು ಅಂತ ಹೇಳುತ್ತೇನೆ. ಅಮೆರಿಕದ ಯುಎಲ್ ಸಂಸ್ಥೆ ಎರಡು ಕೋಣೆ ಕಟ್ಟಿ ಬೆಂಕಿ ಇಟ್ಟು ನೋಡಿತ್ತು. ಒಂದರಲ್ಲಿ ಹಳೇ ಕಾಲದ ಮರ, ಹತ್ತಿಯ ಸಾಮಾನು. ಇನ್ನೊಂದರಲ್ಲಿ ಈಗಿನ ಫೋಮ್ ಸೋಫಾ, ಪಾಲಿಯೆಸ್ಟರ್ ಪರದೆ. ಹಳೇ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಸುಮಾರು 29 ನಿಮಿಷ ಬೇಕಾಯಿತು. ಹೊಸ ಕೋಣೆಗೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಇದಕ್ಕೆ ಫ್ಲ್ಯಾಶ್‌ಓವರ್ ಅನ್ನುತ್ತಾರೆ. ಸೂರಿನ ಕೆಳಗೆ ಸೇರಿದ ಬಿಸಿ ಹೊಗೆಯ ಕಾವಿಗೆ ಕೋಣೆಯಲ್ಲಿ ಇದ್ದದ್ದೆಲ್ಲ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ಆಮೇಲೆ ಒಳಗೆ ಯಾರೂ ಬದುಕುವುದಿಲ್ಲ.

ನಮ್ಮ ತಾತಂದಿರ ಕಾಲದಲ್ಲಿ ಹದಿನೆಂಟು ನಿಮಿಷಕ್ಕೆ ಬಂದ ಗಾಡಿ ಮನೆ ಉಳಿಸುತ್ತಿತ್ತು. ಈಗ ಅದೇ ಗಾಡಿ, ಅದೇ ವೇಗ. ಸೋಫಾ ಬದಲಾಗಿದೆ.

ಬೀದಿ ಕೊನೆ ಮನೆ
ಸುಟ್ಟದ್ದು ಸೋಫಾ ಇದ್ದ ಕೋಣೆಯೇ. ಒಳಗಿನ ಮಲಗುವ ಕೋಣೆಗೆ ಏನೂ ಆಗಿಲ್ಲ. ಅದರ ಬಾಗಿಲು ಮುಚ್ಚಿತ್ತಂತೆ. ಬಾಗಿಲ ಹೊರಗಡೆ ಬಣ್ಣ ಗುಳ್ಳೆ ಎದ್ದು ಕರಕಲಾಗಿದೆ. ಒಳಗಡೆ ಗೋಡೆಯ ಕ್ಯಾಲೆಂಡರ್ ಹಾಗೇ ಇದೆ. ನಾನೇ ನೋಡಿದೆ.

ಹಳೇ ಬ್ರ್ಯಾಂಚ್‌ಮನ್
ಇದನ್ನು ಎಲ್ಲರೂ ಇನ್ನೊಮ್ಮೆ ಓದಿ. ಮುಚ್ಚಿದ ಬಾಗಿಲು ಬೆಂಕಿಯನ್ನೂ ಹೊಗೆಯನ್ನೂ ತಡೆದು ನಿಲ್ಲಿಸುತ್ತದೆ. ಮಾಮೂಲಿ ಮರದ ಬಾಗಿಲು ಕೂಡ ಕೆಲವು ನಿಮಿಷ ತಡೆಯುತ್ತದೆ. ರಾತ್ರಿ ಮಲಗುವಾಗ ಕೋಣೆ ಬಾಗಿಲು ಮುಚ್ಚಿ ಮಲಗಿ. ಓಡಿ ಹೊರಗೆ ಬರುವಾಗ ಉರಿಯುವ ಕೋಣೆಯ ಬಾಗಿಲು ಎಳೆದುಕೊಂಡು ಬನ್ನಿ. ಬೀಗ ಮಾತ್ರ ಹಾಕಬೇಡಿ.

ಕಿಟಕಿ ಗಾಜು ಒಡೆದವರ ಬಗ್ಗೆಯೂ ಹೇಳಬೇಕು. ಹೊಗೆ ಹೋಗಲಿ ಅಂತ ಒಳ್ಳೆ ಮನಸ್ಸಿನಿಂದಲೇ ಒಡೆದಿರುತ್ತಾರೆ. ಆದರೆ ಮುಚ್ಚಿದ ಕೋಣೆಯ ಬೆಂಕಿ ಗಾಳಿ ಇಲ್ಲದೆ ಉಸಿರು ಕಟ್ಟಿಕೊಂಡಿರುತ್ತದೆ. ಗಾಜು ಒಡೆದರೆ ತಿದಿ ಒತ್ತಿದ ಹಾಗೆ. ಒಳಗೆ ಸಿಕ್ಕಿಕೊಂಡವರು ಕಿಟಕಿಯಲ್ಲಿ ಕಾಣುತ್ತಿದ್ದರೆ ಆ ಮಾತು ಬೇರೆ. ಸುಮ್ನೆ ಹೊರಗಿನಿಂದ ಒಡೆಯಬೇಡಿ. ನಾವು ಒಡೆಯುವುದಾದರೆ ನೀರು ತುಂಬಿದ ಪೈಪ್ ಕೈಯಲ್ಲಿ ಹಿಡಿದು ನಿಂತು ಒಡೆಯುತ್ತೇವೆ.

ಫ್ಯೂಸ್ ವೈರ್
ಎಲೆಕ್ಟ್ರಿಷಿಯನ್ ಆಗಿ ನನ್ನದೊಂದು ಮಾತು. ಮೇನ್ ಸ್ವಿಚ್ ಎಲ್ಲಿದೆ ಅಂತ ಮನೆಯ ಎಲ್ಲರಿಗೂ ಗೊತ್ತಿರಬೇಕು. ನಾನು ಹೋಗುವ ಮನೆಗಳಲ್ಲಿ ಮಕ್ಕಳನ್ನು ಕೇಳಿದರೆ ಟಿವಿ ರಿಮೋಟ್ ತೋರಿಸುತ್ತಾರೆ, ಮೇನ್ ತೋರಿಸುವುದಿಲ್ಲ. ಎಷ್ಟೋ ಮನೆಯಲ್ಲಿ ಅದರ ಮುಂದೆ ಬೀರು ಇಟ್ಟಿರುತ್ತಾರೆ. ಮೇನ್ ಆಫ್ ಆಗದೆ ನೀರು ಹಾಕಬೇಡಿ.

ಇನ್ನೊಂದು ವಿಷಯ. "ಶಾರ್ಟ್ ಸರ್ಕ್ಯೂಟ್" ಅನ್ನುವ ಒಂದು ಮಾತಿನಲ್ಲಿ ಎಲ್ಲ ಮುಗಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಸಡಿಲ ಜಾಯಿಂಟ್ ಜಾಸ್ತಿ ಅಪಾಯ. ಪ್ಲಗ್ ಪಿನ್ ಸಾಕೆಟ್‌ನಲ್ಲಿ ಅಲ್ಲಾಡುತ್ತಿದ್ದರೆ ಅಲ್ಲಿ ಕಾವು ಹುಟ್ಟುತ್ತದೆ. ಪ್ಲಾಸ್ಟಿಕ್ ಹಳದಿ ಆಗುತ್ತದೆ, ಆಮೇಲೆ ಕಂದು. ಮೀನು ಸುಟ್ಟಂಥ ಒಂದು ವಾಸನೆ ಬರುತ್ತದೆ. ಫ್ಯೂಸ್ ಅದನ್ನು ಹಿಡಿಯುವುದಿಲ್ಲ, ಯಾಕೆಂದರೆ ಕರೆಂಟ್ ಜಾಸ್ತಿ ಹರಿಯುತ್ತಿರುವುದಿಲ್ಲ. ಎಂಸಿಬಿ (ಕರೆಂಟ್ ಜಾಸ್ತಿ ಹರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆ, ಭಯ ಇಲ್ಲ ಅಂತ ಕೂರಬೇಡಿ. ವಾರಕ್ಕೊಮ್ಮೆ ಹೀಟರ್, ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗನ್ನು ಕೈಯಿಂದ ಮುಟ್ಟಿ ನೋಡಿ. ಬಿಸಿ ಇದ್ದರೆ ಬದಲಾಯಿಸಿ.

ಮಳೆಗಾಲ
ಈಗಲೇ ಎದ್ದು ನೋಡಿದೆ. ನಮ್ಮ ಇಸ್ತ್ರಿ ಪೆಟ್ಟಿಗೆ ಸಾಕೆಟ್ ಕಂದು ಬಣ್ಣ ಇದೆ.

ಫ್ಯೂಸ್ ವೈರ್
ಬಳಸುವುದು ನಿಲ್ಲಿಸಿ. ನಾಳೆಯೇ ಯಾರನ್ನಾದರೂ ಕರೆಸಿ.

ಅರ್ಧ ಶಟರ್
ನನ್ನದು ಅಂಗಡಿ. ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತೂಗು ಹಾಕಿದ್ದೇನೆ. ನಿಜ ಹೇಳುತ್ತೇನೆ, ಅದನ್ನು ಹೇಗೆ ಬಳಸುವುದು ಅಂತ ನನಗೂ ಗೊತ್ತಿಲ್ಲ, ಕೆಲಸದ ಹುಡುಗರಿಗೂ ಗೊತ್ತಿಲ್ಲ.

ಹಳೇ ಬ್ರ್ಯಾಂಚ್‌ಮನ್
ಹೇಳಿದ್ದು ಒಳ್ಳೆಯದಾಯಿತು ಅಣ್ಣ. ಮೊದಲು ಗೇಜ್ ನೋಡಿ, ಮುಳ್ಳು ಹಸಿರಿನಲ್ಲಿ ಇರಬೇಕು. ಬಳಸುವಾಗ ಪಿನ್ ಎಳೆಯಿರಿ. ನಾಝಲನ್ನು ಉರಿಯ ಬುಡಕ್ಕೆ ಹಿಡಿಯಿರಿ, ಜ್ವಾಲೆಯ ತುದಿಗೆ ಅಲ್ಲ. ಹಿಡಿ ಅದುಮಿ. ಗುಡಿಸಿದ ಹಾಗೆ ಎಡಕ್ಕೆ ಬಲಕ್ಕೆ ಆಡಿಸಿ. 6 ಕಿಲೋ ಪೌಡರ್ ಸಿಲಿಂಡರ್ ಅಂದರೂ ಹೆಚ್ಚೆಂದರೆ ಇಪ್ಪತ್ತು ಸೆಕೆಂಡು ಬರುತ್ತದೆ, ಅಷ್ಟೇ. ಬೆನ್ನ ಹಿಂದೆ ಬಾಗಿಲು ಇರಲಿ. ಸಿಲಿಂಡರ್ ಖಾಲಿ ಆಗಿಯೂ ಉರಿ ಇದ್ದರೆ ಹೊರಗೆ ಬನ್ನಿ. ಕಸದ ಬುಟ್ಟಿಯಷ್ಟು ಬೆಂಕಿಗೆ ಅದು ಸಾಕು. ನಿಮ್ಮ ಎದೆಮಟ್ಟ ಉರಿ ಬಂದಿದ್ದರೆ ಅದನ್ನು ನಂಬಬೇಡಿ.

ಅರ್ಧ ಶಟರ್
ಹೋಗಿ ನೋಡಿದೆ ಸಾರ್. ಮುಳ್ಳು ಕೆಂಪಿನಲ್ಲಿದೆ. ಮೇಲೆ ಒಂದು ಚೀಲ ನೇತು ಹಾಕಿದ್ದಾರೆ, ಅದಕ್ಕೇ ಯಾರಿಗೂ ಕಾಣಿಸಿಲ್ಲ. ಹಿಂದಿನ ಬಾಗಿಲ ಮುಂದೆ ರಟ್ಟಿನ ಪೆಟ್ಟಿಗೆ ಪೇರಿಸಿದ್ದೆ. ಈಗಲೇ ತೆಗೆಸಿದೆ.

ಹಳೇ ಪೇಪರ್
ಅರ್ಧ ಶಟರ್ ಅಣ್ಣ, ನೀವು ತೆಗೆಸಿದ್ದು ಎಷ್ಟು ದೊಡ್ಡ ಕೆಲಸ ಅಂತ ಹೇಳಲೇಬೇಕು. ಬೆಂಕಿಯ ಇತಿಹಾಸ ಓದಿದರೆ ಎಲ್ಲ ಕಡೆ ಅದೇ ಬಾಗಿಲು. 1911ರ ಮಾರ್ಚ್ 25, ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆ. 146 ಜನ ಸತ್ತರು, ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಬಾಗಿಲಿಗೆ ಬೀಗ ಇತ್ತು. ಬೆಂಕಿ ಎಂಟನೇ ಮಹಡಿಯಿಂದ ಮೇಲೆ, ಫೈರ್‌ನವರ ಏಣಿ ಆರನೇ ಮಹಡಿಗೆ ಮಾತ್ರ ಮುಟ್ಟುತ್ತಿತ್ತು. 1942ರಲ್ಲಿ ಬೋಸ್ಟನ್ನಿನ ಕೋಕೊನಟ್ ಗ್ರೋವ್ ಕ್ಲಬ್, 492 ಸಾವು. ಮುಂದಿನ ತಿರುಗುವ ಬಾಗಿಲು ಜನರ ನೂಕಿಗೆ ಸಿಕ್ಕಿ ನಿಂತಿತು. ಬೇರೆ ಬಾಗಿಲು ಒಳಕ್ಕೆ ತೆರೆಯುತ್ತಿದ್ದವು, ಹಿಂದಿನವರ ಒತ್ತಡಕ್ಕೆ ತೆರೆಯಲೇ ಆಗಲಿಲ್ಲ. 1997ರ ಜೂನ್ 13, ದೆಹಲಿಯ ಉಪಹಾರ್ ಚಿತ್ರಮಂದಿರ, 59 ಸಾವು. ಬೆಂಕಿ ಹತ್ತಿದ್ದು ಕೆಳಗಿನ ಟ್ರಾನ್ಸ್‌ಫಾರ್ಮರಿಗೆ. ಕೊಂದದ್ದು ಬಾಲ್ಕನಿಗೆ ಏರಿದ ಹೊಗೆ. ಹೊರಗೆ ಹೋಗುವ ದಾರಿಗೆ ಅಡ್ಡವಾಗಿ ಸೀಟು ಹಾಕಿದ್ದರು.

ಊರು ಬೇರೆ, ಕಾಲ ಬೇರೆ. ಮುಚ್ಚಿದ ಬಾಗಿಲು ಒಂದೇ.

ನೇರ ಮಾತು
ಒಂದು ನಿಮಿಷ. ಈಗ ತಾನೇ ಬಾಗಿಲು ಮುಚ್ಚಿ ಅಂದಿರಿ. ಈಗ ಮುಚ್ಚಿದ ಬಾಗಿಲೇ ಕೊಂದಿತು ಅನ್ನುತ್ತೀರಿ. ಯಾವುದನ್ನು ನಂಬುವುದು?

ಎರಡನೇ ಬೆಲ್
ಎರಡನ್ನೂ. ನಾನು ಶಾಲೆಯಲ್ಲಿ ಮಕ್ಕಳಿಗೆ ಹೀಗೆ ಹೇಳುತ್ತೇನೆ: ಬೆಂಕಿ ಮತ್ತು ನಿನ್ನ ನಡುವಿನ ಬಾಗಿಲು ಮುಚ್ಚು, ಬೀದಿ ಮತ್ತು ನಿನ್ನ ನಡುವಿನ ಬಾಗಿಲು ತೆರೆ. ಮೂರನೇ ಕ್ಲಾಸಿನ ಮಕ್ಕಳಿಗೂ ಅರ್ಥ ಆಗಿದೆ.

ಬಾಗಿಲು ತೆರೆಯುವ ಮೊದಲು ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡಲು ಕಲಿಸಿದ್ದೇವೆ. ಬಿಸಿ ಇದ್ದರೆ ತೆರೆಯಬಾರದು, ಸಂದಿಗೆ ಬಟ್ಟೆ ತುರುಕಿ ಕಿಟಕಿಯಲ್ಲಿ ನಿಂತು ಕೂಗಬೇಕು. ಹೊಗೆ ಇದ್ದರೆ ತೆವಳಬೇಕು, ಒಳ್ಳೆ ಗಾಳಿ ನೆಲದ ಹತ್ತಿರ ಇರುತ್ತದೆ. ಒಂದು ಮಗು ಕೇಳಿತು, "ಮಿಸ್, ಮಂಚದ ಕೆಳಗೆ ಬಚ್ಚಿಟ್ಟುಕೊಂಡರೆ?" ನನ್ನ ಎದೆ ಝಲ್ ಅಂತು. ಚಿಕ್ಕ ಮಕ್ಕಳು ಹೆದರಿದರೆ ನಿಜವಾಗಿ ಮಾಡುವುದು ಅದನ್ನೇ. ಅದಕ್ಕೇ ಈಗ ಕವಾಯತಿನ ದಿನ ಸ್ಟೇಷನ್‌ನವರನ್ನು ಕರೆಸಿ, ಮಕ್ಕಳ ಎದುರಿಗೇ ಮಾಸ್ಕು, ಹೆಲ್ಮೆಟ್ಟು ಒಂದೊಂದಾಗಿ ಹಾಕಿಸುತ್ತೇವೆ. ಮಾಸ್ಕಿನೊಳಗಿನಿಂದ ಬರುವ ಆ ಉಸಿರಿನ ಸದ್ದಿಗೆ ದೊಡ್ಡವರೇ ಬೆಚ್ಚುತ್ತಾರೆ. ಒಳಗೆ ಇರುವುದು ಒಬ್ಬ ಮಾಮ ಅಂತ ಗೊತ್ತಾದರೆ, ಹೊಗೆಯಲ್ಲಿ ಅವರನ್ನು ಕಂಡ ಮಗು ಬಚ್ಚಿಟ್ಟುಕೊಳ್ಳುವುದಿಲ್ಲ, ಕೈ ಚಾಚುತ್ತದೆ.

ಹಳೇ ಬ್ರ್ಯಾಂಚ್‌ಮನ್
ಮೇಡಂ, ನಿಮಗೆ ಕೈ ಮುಗಿಯುತ್ತೇನೆ. ನಾವು ಮೊದಲು ಹುಡುಕುವುದೇ ಮಂಚದ ಕೆಳಗೆ, ಬೀರುವಿನ ಒಳಗೆ, ಬಚ್ಚಲಿನಲ್ಲಿ.

ನೈಟ್ ಡ್ಯೂಟಿ
ನಾನು ಸುಟ್ಟಗಾಯದ ವಾರ್ಡಿನಲ್ಲಿ ನರ್ಸ್. ಅಡುಗೆಮನೆಯ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಯಾವ ಕಾರಣಕ್ಕೂ ಬೇಡ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಹೋಗುತ್ತದೆ. ಅಲ್ಲಿನ ಕಾವಿಗೆ ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯುವ ಎಣ್ಣೆ ಸೂರಿನ ತನಕ ಚಿಮ್ಮುತ್ತದೆ. ಮುಖ, ಕತ್ತು, ಮುಂಗೈ ಸುಟ್ಟುಕೊಂಡು ಬರುವವರನ್ನು ಕೇಳಿದರೆ "ಒಂದು ಲೋಟ ನೀರು ಹಾಕಿದೆ ಅಷ್ಟೇ" ಅನ್ನುತ್ತಾರೆ. ಒಲೆ ಆರಿಸಿ. ಅಗಲವಾದ ತಟ್ಟೆಯನ್ನು ಪಕ್ಕದಿಂದ ಸರಿಸಿ ಮುಚ್ಚಿ. ಬಾಣಲೆ ಎತ್ತಿಕೊಂಡು ಓಡಬೇಡಿ. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ, ತೆಗೆದರೆ ಮತ್ತೆ ಹೊತ್ತಿಕೊಳ್ಳುತ್ತದೆ.

ಮೈ ಮೇಲಿನ ಬಟ್ಟೆಗೆ ಬೆಂಕಿ ಹತ್ತಿದರೆ ಓಡಬಾರದು. ನಿಲ್ಲಿ, ಮಲಗಿ, ಉರುಳಿ. ಸುಟ್ಟ ಜಾಗಕ್ಕೆ ಇಪ್ಪತ್ತು ನಿಮಿಷ ತಣ್ಣನೆಯ ನಲ್ಲಿ ನೀರು ಬಿಡಿ. ಗಡಿಯಾರ ನೋಡಿಕೊಂಡು ಇಪ್ಪತ್ತು. ಐಸ್ ಬೇಡ. ಟೂತ್‌ಪೇಸ್ಟ್ ಬೇಡ, ಇಂಕ್ ಬೇಡ, ಎಣ್ಣೆ ಬೇಡ. ಗಾಯದ ಮೇಲೆ ಮೆತ್ತಿದ ಪೇಸ್ಟನ್ನು ನಾವು ಕೆರೆದು ತೆಗೆಯಬೇಕಾಗುತ್ತದೆ. ಆ ಮಗುವಿನ ಅಳು ಕೇಳಿದರೆ ಇನ್ನೊಮ್ಮೆ ಯಾರೂ ಪೇಸ್ಟ್ ಹಚ್ಚುವುದಿಲ್ಲ.

ಮಳೆಗಾಲ
ಗ್ಯಾಸ್ ವಾಸನೆ ಬಂದರೆ ಮೊದಲು ಫ್ಯಾನ್ ಹಾಕಬೇಕಾ ಅಕ್ಕ?

ಫ್ಯೂಸ್ ವೈರ್
ಬೇಡ ಬೇಡ! ಸ್ವಿಚ್ ಹಾಕಿದರೂ ಕಿಡಿ, ಆರಿಸಿದರೂ ಕಿಡಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆಯಿರಿ, ಹೊರಗೆ ಹೋಗಿ ಫೋನ್ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ. ನೆಲದಲ್ಲಿ ನೀರಿನ ಹಾಗೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕೆ ತನ್ನದೇ ವಾಸನೆ ಕೂಡ ಇಲ್ಲ, ನಮಗೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕ್ಯಾಪ್ಟನ್ ಅನ್ನುವ ಗಬ್ಬು ವಾಸನೆಯ ರಾಸಾಯನಿಕ ಸೇರಿಸುತ್ತಾರೆ.

ಉಳಿ ಪೆಟ್ಟು
ಮರಗೆಲಸದವನು ನಾನು. ನಮ್ಮ ಕೆಲಸದಲ್ಲಿ ಒಂದು ಕಳ್ಳ ಬೆಂಕಿ ಇದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳುತ್ತದೆ. ಕಿಡಿ ಬೇಡ, ಕರೆಂಟ್ ಬೇಡ. ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ, ಉಂಡೆಯೊಳಗೆ ಅದು ಹೊರಗೆ ಹೋಗಲು ದಾರಿ ಇರುವುದಿಲ್ಲ. ನಾನು ಹೇಳಿದರೆ ಹುಡುಗರು ನಂಬುವುದಿಲ್ಲ. ಬಟ್ಟೆಯನ್ನು ಹೊರಗೆ ಹರಡಿ ಒಣಗಿಸಬೇಕು, ಇಲ್ಲ ನೀರು ತುಂಬಿದ ಮುಚ್ಚಳದ ಡಬ್ಬಿಗೆ ಹಾಕಬೇಕು.

ಹಳೇ ಪೇಪರ್
ನಂಬದ ಹುಡುಗರಿಗೆ ಇದನ್ನು ಓದಿ ಹೇಳಿ. 1991ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಒನ್ ಮೆರಿಡಿಯನ್ ಪ್ಲಾಜಾ, 38 ಮಹಡಿಯ ಕಟ್ಟಡ. 22ನೇ ಮಹಡಿಯಲ್ಲಿ ಬಿಟ್ಟುಹೋದ ಅಗಸೆ ಎಣ್ಣೆಯ ಚಿಂದಿಯಿಂದ ಬೆಂಕಿ. ಮೂವರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಬೆಂಕಿ 30ನೇ ಮಹಡಿಗೆ ಬಂದಾಗ ಅಲ್ಲಿ ಸ್ಪ್ರಿಂಕ್ಲರ್, ಅಂದರೆ ಕಾವು ತಗುಲಿದರೆ ಸೂರಿನಿಂದ ತಾನಾಗಿ ನೀರು ಚಿಮ್ಮಿಸುವ ವ್ಯವಸ್ಥೆ ಇತ್ತು. ಹತ್ತೇ ಸ್ಪ್ರಿಂಕ್ಲರ್ ತಲೆಗಳು ಆ ಬೆಂಕಿಯನ್ನು ನಿಲ್ಲಿಸಿದವು.

ಬಣವೆ
ಹುಲ್ಲಿಗೂ ಹಾಗೇ. ಹಸಿ ಇರುವಾಗ ಒಟ್ಟಿದರೆ ಬಣವೆಯ ಹೊಟ್ಟೆ ಕಾಯುತ್ತದೆ. ನಮ್ಮ ಹಿರಿಯರು ಒಂದು ಕಬ್ಬಿಣದ ಸಲಾಕೆ ಚುಚ್ಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಎಳೆದು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಹಿಡಿಯಲಾರದಷ್ಟು ಬಿಸಿ ಇದ್ದರೆ ಅಪಾಯ. ಆಗ ಬಣವೆಯನ್ನು ನಾವೇ ಬಿಚ್ಚಬಾರದು. ಗಾಳಿ ತಾಗಿದ ಕೂಡಲೇ ಭಗ್ ಅನ್ನುತ್ತದೆ. ಫೈರ್‌ನವರನ್ನು ಕರೆದು, ನೀರು ಸಿದ್ಧ ಇಟ್ಟುಕೊಂಡು ಬಿಚ್ಚಬೇಕು. ಸಾರ್, ನೀರಿನ ಮಾತು ಬಂತಲ್ಲ, ಒಂದು ಪ್ರಶ್ನೆ. ನಿಮ್ಮ ಗಾಡಿಯ ನೀರು ಅಷ್ಟು ಬೇಗ ಯಾಕೆ ಮುಗಿಯುತ್ತದೆ?

ಹಳೇ ಬ್ರ್ಯಾಂಚ್‌ಮನ್
ಸರಳ ಲೆಕ್ಕ. ಒಂದು ಜೆಟ್, ಅಂದರೆ ಒಂದು ನಾಝಲಿನಿಂದ ಚಿಮ್ಮುವ ನೀರು, ನಿಮಿಷಕ್ಕೆ 450 ಲೀಟರ್ ಎಳೆದರೆ 4,500 ಲೀಟರ್ ಹತ್ತು ನಿಮಿಷ. ಎರಡು ಜೆಟ್ ಬಿಟ್ಟರೆ ಐದು. ಆಮೇಲೆ ಬೇರೆ ಕಡೆಯಿಂದ ನೀರು ಬೇಕು. ಹೈಡ್ರೆಂಟ್ (ಫೈರ್ ಪೈಪ್ ಜೋಡಿಸುವ ಬೀದಿ ನಲ್ಲಿ) ಇಲ್ಲದ ಊರಲ್ಲಿ ಕೆರೆ, ಬಾವಿ, ಸಂಪು, ಟ್ಯಾಂಕರ್ ಏನಿದೆಯೋ ಅದೇ. ಅಲ್ಲೂ ಒಂದು ತೊಡಕಿದೆ. ಪಂಪು ನೀರನ್ನು ಎಳೆಯುವುದಿಲ್ಲ. ಪೈಪಿನೊಳಗಿನ ಗಾಳಿ ತೆಗೆದರೆ ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ನೂಕುತ್ತದೆ. ಲೆಕ್ಕಕ್ಕೆ ಹತ್ತು ಮೀಟರ್, ನಿಜದಲ್ಲಿ ಏಳು ಮೀಟರ್ ದಾಟಿದರೆ ಕಷ್ಟ. ಅಂದರೆ ನೀರು ಕಣ್ಣಿಗೆ ಕಾಣುತ್ತಿರುತ್ತದೆ, ಮೇಲೆ ಬರುವುದಿಲ್ಲ. ಅದಕ್ಕೆ ಎಲ್ಲಿ ನೀರು, ಎಷ್ಟು ಆಳ, ಗಾಡಿ ಪಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಊರಿನವರು ಮೊದಲೇ ಸ್ಟೇಷನ್‌ಗೆ ತಿಳಿಸಿದರೆ ಅರ್ಧ ಕೆಲಸ ಮುಗಿದಂತೆ.

ಬಾವಿ ಅಂದಾಗ ನೆನಪಾಯಿತು. ಹಳೇ ಬಾವಿಗೆ ಇಳಿದವರು ಕುಸಿದು ಬಿದ್ದರೆ ಅವರ ಹಿಂದೆ ಯಾರೂ ಇಳಿಯಬೇಡಿ. ಒಳಗೆ ವಿಷಗಾಳಿ ಇರುತ್ತದೆ, ಇಲ್ಲ ಆಮ್ಲಜನಕ ಇರುವುದಿಲ್ಲ. ಅಣ್ಣನನ್ನು ತರಲು ತಮ್ಮ, ತಮ್ಮನನ್ನು ತರಲು ಅಪ್ಪ. ಹಗ್ಗ ಹಾಕಿ ಒಬ್ಬೊಬ್ಬರನ್ನೇ ಮೇಲೆ ತಂದಿದ್ದೇನೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಬೀದಿ ಕೊನೆ ಮನೆ
ಸಾರ್, ಆ ಹುಡುಗ ಕೇಳಿದ ಪ್ರಶ್ನೆ ಈಗ ಇನ್ನೂ ಚೆನ್ನಾಗಿ ಅರ್ಥ ಆಗುತ್ತಿದೆ.

ನೇರ ಮಾತು
ನಾನು ಮೊದಲು ಒರಟಾಗಿ ಬರೆದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಒಂದು ಬಿಡುವುದಿಲ್ಲ. ಸ್ಟೇಷನ್ನಿನ ಮೂರ್ನಾಲ್ಕು ಜನರ ಮೇಲೆ ಇಷ್ಟೆಲ್ಲ ಹೊರಿಸಿ, ಜನರೂ ಸೇರಿ ಮಾಡಿ ಅಂದರೆ ಸರ್ಕಾರ ಕೈ ತೊಳೆದುಕೊಳ್ಳುತ್ತದೆ.

ಅಂಕಿ ಸಂಖ್ಯೆ
ಹಾಗೇನೂ ಇಲ್ಲ. ಜರ್ಮನಿಯಲ್ಲಿ ಸಣ್ಣ ಊರುಗಳನ್ನು ನೋಡಿಕೊಳ್ಳುವುದೇ ಸ್ವಯಂಸೇವಕ ದಳ. ಹತ್ತು ಲಕ್ಷದ ಹತ್ತಿರ ಜನ ಇದ್ದಾರೆ. ಚಿಲಿ ದೇಶದಲ್ಲಿ ಅಗ್ನಿಶಾಮಕರೆಲ್ಲ ಸ್ವಯಂಸೇವಕರೇ. ಬೇಕರಿಯವನು, ಮೇಷ್ಟ್ರು, ಮೆಕ್ಯಾನಿಕ್, ಎಲ್ಲರೂ ಗಂಟೆ ಹೊಡೆದರೆ ಓಡುತ್ತಾರೆ. ಆದರೆ ಅವರಿಗೆ ತರಬೇತಿ ಇದೆ, ಕೋಟು ಇದೆ, ವಿಮೆ ಇದೆ. ಅದನ್ನು ಕೊಡದೆ ಬರೀ ಧೈರ್ಯ ಕೇಳಿದರೆ ನೇರ ಮಾತು ಅವರು ಹೇಳಿದ್ದು ಸರಿ.

ಉಳಿ ಪೆಟ್ಟು
ಹೌದು, ಹವಾಯಿ ಚಪ್ಪಲಿ ಹಾಕಿಕೊಂಡು ನುಗ್ಗುವುದು ಸ್ವಯಂಸೇವೆ ಅಲ್ಲ.

ಹಳೇ ಪೇಪರ್
ನೋಡಲು ನಿಲ್ಲುವುದೂ ಅಲ್ಲ. 1947ರ ಏಪ್ರಿಲ್ 16, ಟೆಕ್ಸಾಸ್ ಸಿಟಿ ಬಂದರು. ಅಮೋನಿಯಂ ನೈಟ್ರೇಟ್ ಗೊಬ್ಬರ ತುಂಬಿದ ಗ್ರ್ಯಾಂಡ್‌ಕ್ಯಾಂಪ್ ಹಡಗಿಗೆ ಬೆಂಕಿ. ಕಿತ್ತಳೆ ಬಣ್ಣದ ಹೊಗೆ ನೋಡಲು ಜನ ದಂಡೆಗೆ ಬಂದು ನಿಂತರು. ಹಡಗು ಸಿಡಿಯಿತು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳದಲ್ಲಿ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಸತ್ತರು. ಅದಕ್ಕೂ ಮೂರು ವರ್ಷ ಮೊದಲು, 1944ರ ಏಪ್ರಿಲ್ 14ರಂದು, ಬೊಂಬಾಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಸತ್ತಿದ್ದರು. ನಮ್ಮ ದೇಶದಲ್ಲಿ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ ಆಗಿರುವುದು ಆ 66 ಜನರಿಗಾಗಿ.

ನಾವು ಇಪ್ಪತ್ತು ಅಡಿ ದೂರ ನಿಂತು ವಿಡಿಯೋ ಮಾಡುವಾಗ ಒಳಗೆ ಏನು ಉರಿಯುತ್ತಿದೆ ಅಂತ ನಮಗೆ ಗೊತ್ತಿರುವುದಿಲ್ಲ.

ನೈಟ್ ಡ್ಯೂಟಿ
ಬೆಂಕಿ ಆರಿದ ಮೇಲಿನ ಅಪಾಯವೂ ಇದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್ ತರುವ ಕೆಲಸಗಳ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವ ಗುಂಪು ಅದು. ಮಸಿ ಹಿಡಿದ ಕೋಟು ಹೆಮ್ಮೆಯ ಗುರುತು ಅಂತ ಇಟ್ಟುಕೊಳ್ಳುವ ಕಾಲ ಹೋಯಿತು. ಆ ಮಸಿ ಚರ್ಮದಿಂದಲೂ ಒಳಗೆ ಹೋಗುತ್ತದೆ. ಅಕ್ಕ, ನೀವು ಆ ಹುಡುಗನಿಗೆ ಕುಡಿಯಲು ಕೊಟ್ಟಿರಿ. ಮುಂದಿನ ಸಲ ಮುಖ, ಕತ್ತು ತೊಳೆಯಲು ಒಂದು ಬಕೆಟ್ ನೀರು, ಸೋಪು ಕೂಡ ಕೊಡಿ.

ಹಳೇ ಬ್ರ್ಯಾಂಚ್‌ಮನ್
ನಮ್ಮ ಕಾಲದಲ್ಲಿ ಇದನ್ನು ಯಾರೂ ಹೇಳಲಿಲ್ಲ ತಾಯಿ. ಅದೇ ಕೋಟು ಹಾಕಿಕೊಂಡು ಊಟಕ್ಕೆ ಕೂರುತ್ತಿದ್ದೆವು. ಜೊತೆಯವರಲ್ಲಿ ಇಬ್ಬರು ಈಗ ಇಲ್ಲ.

ಮಳೆಗಾಲ
ಸಾರ್, ಬೇಜಾರು ಮಾಡಿಕೊಳ್ಳಬೇಡಿ. ನೀವು ಬರೆದ ಒಂದೊಂದು ಸಾಲನ್ನೂ ಅಮ್ಮನಿಗೆ ಓದಿ ಹೇಳುತ್ತಿದ್ದೇನೆ. ರಾತ್ರಿ ಬಾಗಿಲು ಮುಚ್ಚಲು ಶುರು ಮಾಡಿದ್ದಾರೆ.

ಬೀದಿ ಕೊನೆ ಮನೆ
ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ನಾವು ಎಂಟು ಮನೆಯವರು ಸ್ಟೇಷನ್‌ಗೆ ಹೋಗಿದ್ದೆವು. ಮೊದಲು ಅವತ್ತಿನ ಕೂಗಾಟಕ್ಕೆ ಕ್ಷಮೆ ಕೇಳಿದೆವು. ಬಾಗಿಲು ತಡೆದಿದ್ದವರೂ ಬಂದಿದ್ದರು. ನಿನ್ನೆ ಅಧಿಕಾರಿಯೊಬ್ಬರು ಬಂದು ಬೀದಿಯಲ್ಲಿ ನಮ್ಮ ಜೊತೆ ನಡೆದರು. ಟೇಪ್ ಹಿಡಿದು ಅಗಲ ಅಳೆದರು. ತಿರುವಿನಲ್ಲಿ ಎರಡು ಬೈಕು ಸರಿಸಿದರೆ ಗಾಡಿ ಒಳಗೇ ಬರುತ್ತದಂತೆ. ಎರಡು ಬೈಕು, ಅಷ್ಟೇ. ಆ ಮನೆಯವರಿಬ್ಬರೂ ಅಲ್ಲೇ ಒಪ್ಪಿ ಬೈಕನ್ನು ಹಿತ್ತಲಿಗೆ ತೆಗೆದುಕೊಂಡು ಹೋದರು.

ಪ್ರತಿ ಮನೆಯ ಒಳಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇವೆ. ಮನೆ ನಂಬರ್, ಬೀದಿ, ಹತ್ತಿರದ ಗುರುತು, ಸ್ಟೇಷನ್ ಫೋನ್. ಗಾಬರಿಯಲ್ಲಿ ಓದಿ ಹೇಳಿದರೆ ಸಾಕು. ಬೀದಿ ಬಾಯಲ್ಲಿ ಟಾರ್ಚ್ ಹಿಡಿದು ನಿಂತು ಗಾಡಿಗೆ ದಾರಿ ತೋರಿಸಲು ಇಬ್ಬರನ್ನು ಗೊತ್ತು ಮಾಡಿದ್ದೇವೆ. ಮಲಗಿದಲ್ಲೇ ಇರುವ ಅಜ್ಜಿ ಯಾವ ಮನೆಯಲ್ಲಿ, ಯಾವ ಕೋಣೆಯಲ್ಲಿ ಅಂತ ಅವರ ಮನೆಯವರನ್ನು ಕೇಳಿ ಬರೆದು ಕೊಟ್ಟಿದ್ದೇವೆ.

ಮೂಲೆ ಬಾವಿಗೆ ಕಬ್ಬಿಣದ ಮುಚ್ಚಳ ಇದೆ. ನೀರು ಐದು ಮೀಟರ್ ಕೆಳಗೆ ಸಿಗುತ್ತದೆ. ಪಂಪಿಗೆ ಸಾಕು ಅಂದರು.

ಹಳೇ ಬ್ರ್ಯಾಂಚ್‌ಮನ್
ಓದಿ ಕಣ್ಣು ತುಂಬಿತು ಅಮ್ಮ. ಒಂದೇ ಒಂದು ಕೇಳುತ್ತೇನೆ. ಆ ಮುಚ್ಚಳ ಎತ್ತಲು ಸಲಾಕೆ ಬೇಕಾಗುತ್ತದೆ. ಅದು ಯಾರ ಹತ್ತಿರ ಇದೆ?

ಬೀದಿ ಕೊನೆ ಮನೆ
ನಮ್ಮ ಮನೆಯ ಬಾಗಿಲ ಹಿಂದೆ. ಪಕ್ಕದ ಮನೆಯವರಿಗೂ ತೋರಿಸಿದ್ದೇನೆ.